ಎಡೆಯಿಂದ ಬೀದಿಗೆ ಇಳಿದ ಕಡುಬು: ತಿಯೋಚ್ಯೂ ಜನರ ಹಬ್ಬದ ತಿನಿಸುಗಳು

ಸಿಂಗಪುರದ ಆಹಾರ ಕೇಂದ್ರಗಳಲ್ಲಿ ‘ಕ್ಯಾರೆಟ್ ಕೇಕ್’ ಎಂಬ ಫಲಕ ಕಂಡು ಒಂದು ತಟ್ಟೆ ತರಿಸಿಕೊಳ್ಳುವ ಹೊಸಬರು ಸಾಮಾನ್ಯವಾಗಿ ಬೇಸ್ತು ಬೀಳುತ್ತಾರೆ. ಅದರಲ್ಲಿ ಕ್ಯಾರೆಟ್ ಇರುವುದಿಲ್ಲ. ಅದು ಕೇಕ್ ಕೂಡ ಅಲ್ಲ. ಅಕ್ಕಿಹಿಟ್ಟಿಗೆ ಬಿಳಿ ಮೂಲಂಗಿಯ ತುರಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಗಟ್ಟಿಯನ್ನು ತುಂಡರಿಸಿ, ಮೊಟ್ಟೆ, ಬೆಳ್ಳುಳ್ಳಿ ಹಾಗೂ ಉಪ್ಪಿನಲ್ಲಿ ಒಣಗಿಸಿದ ಮೂಲಂಗಿಯೊಂದಿಗೆ ಕಾವಲಿಯ ಮೇಲೆ ಹುರಿದ ತಿಂಡಿ ಅದು. ತಿಯೋಚ್ಯೂ ಭಾಷೆಯಲ್ಲಿ ಅದರ ಹೆಸರು ‘ಚಾಯ್ ತಾವ್ ಕ್ವೇ’, ಅಂದರೆ ಮೂಲಂಗಿಯ ಕಡುಬು. ಅಲ್ಲಿಯ ಆಡುಮಾತಿನಲ್ಲಿ ಕ್ಯಾರೆಟ್ಟಿಗೆ ‘ಕೆಂಪು ಮೂಲಂಗಿ’ ಎನ್ನುವುದರಿಂದ, ಹೆಸರು ಇಂಗ್ಲಿಷಿಗೆ ದಾಟುವಾಗ ಬಿಳಿಯದೂ ಕ್ಯಾರೆಟ್ಟೇ ಆಗಿಹೋಯಿತು.

ಹೆಸರಿನ ಈ ಪಲ್ಲಟಕ್ಕಿಂತ ದೊಡ್ಡದಾದ ಇನ್ನೊಂದು ಪಲ್ಲಟವಿದೆ. ಇಂದು ದಿನವೂ ಬೆಳಗಿನ ಉಪಾಹಾರವಾಗಿ ಮಾರಾಟವಾಗುವ ಈ ಕಡುಬು ಮೂಲದಲ್ಲಿ ಹೊಸವರ್ಷದ ಹಬ್ಬಕ್ಕೆಂದು ಮನೆಯಲ್ಲಿ ಬೇಯಿಸಿ, ಪೂರ್ವಜರ ಮುಂದೆ ಎಡೆಯಿಟ್ಟ ಬಳಿಕವೇ ಮನೆಮಂದಿ ಮುಟ್ಟುತ್ತಿದ್ದ ಪದಾರ್ಥ. ತಿಯೋಚ್ಯೂ ಜನರ ಬೀದಿ ತಿಂಡಿಗಳಲ್ಲಿ ಹೆಚ್ಚಿನವು ಹೀಗೆ ಪೂಜೆಯ ಮೇಜಿನಿಂದ ಇಳಿದು ಬಂದವು. ಈಗ ಮನೆಗಳಲ್ಲಿ ಇವನ್ನು ಮಾಡುವವರು ಕಡಿಮೆಯಾಗುತ್ತಿದ್ದಾರೆ. ಯಾವ ಹಬ್ಬಕ್ಕೆ ಯಾವ ಕಡುಬು ಎಂಬ ಪಂಚಾಂಗವನ್ನು ನೆನಪಿಟ್ಟುಕೊಳ್ಳುವ ಹೊಣೆಯೂ ಬೀದಿಯ ಅಂಗಡಿಯವರ ಹೆಗಲಿಗೇ ಬಂದಿದೆ.

ಅಕ್ಕಿಯ ಕೊರತೆಯ ನಾಡು

ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಪೂರ್ವದಂಚಿನಲ್ಲಿ, ಹಾನ್ ನದಿ ಸಮುದ್ರ ಸೇರುವ ಬಯಲು ತಿಯೋಚ್ಯೂ ಜನರ ಮೂಲ ನೆಲೆ. ಚಾವೊಝೌ, ಶಾಂತೌ, ಜಿಯೆಯಾಂಗ್ ಎಂಬ ಮೂರು ನಗರಗಳು ಈ ಸೀಮೆಯಲ್ಲಿವೆ. ‘ತಿಯೋಚ್ಯೂ’ ಎಂಬುದು ಚಾವೊಝೌ ಎಂಬ ಹೆಸರಿನ ಸ್ಥಳೀಯ ಉಚ್ಚಾರಣೆಯೇ ಆಗಿದೆ. ಆಡಳಿತದ ದೃಷ್ಟಿಯಿಂದ ಈ ಪ್ರದೇಶ ಗುವಾಂಗ್‌ಡಾಂಗ್‌ಗೆ ಸೇರಿದ್ದರೂ ಇಲ್ಲಿಯವರ ಮಾತು ಕ್ಯಾಂಟನೀಸ್ ಅಲ್ಲ. ಅದು ನೆರೆಯ ಫುಜಿಯಾನ್ ಪ್ರಾಂತದ ದಕ್ಷಿಣ ಮಿನ್ ಬಳಗದ ಭಾಷೆ. ಅಡುಗೆಯೂ ಕ್ಯಾಂಟನೀಸ್ ಅಡುಗೆಯಿಂದ ಬೇರೆಯೇ ಆದ ದಾರಿ ಹಿಡಿದಿದೆ.

ರಾಜಧಾನಿಯಿಂದ ನೋಡಿದರೆ ಇದು ಬಹುದೂರದ ಮೂಲೆ. ಬುದ್ಧನ ಅಸ್ಥಿಗೆ ಸಲ್ಲುತ್ತಿದ್ದ ರಾಜಗೌರವವನ್ನು ವಿರೋಧಿಸಿ ಬರೆದ ತಪ್ಪಿಗೆ ಟಾಂಗ್ ವಂಶದ ಅಧಿಕಾರಿಯೂ ಲೇಖಕನೂ ಆದ ಹಾನ್ ಯೂ 819ರಲ್ಲಿ ಗಡೀಪಾರಾಗಿ ಬಂದುದು ಇಲ್ಲಿಗೆ. ಆತ ಇಲ್ಲಿದ್ದುದು ಒಂದು ವರ್ಷಕ್ಕೂ ಕಡಿಮೆ ಅವಧಿ. ಆದರೂ ಜನ ನದಿಗೆ ಆತನ ಹೆಸರನ್ನೇ ಇಟ್ಟರು. ಇಲ್ಲಿಯವರು ತಿನ್ನುತ್ತಿದ್ದ ಸಿಂಪಿ, ಕಪ್ಪೆ, ಕುದುರೆಲಾಳದ ಏಡಿಗಳನ್ನು ಕಂಡು ಬೆರಗಾಗಿ ಆತ ಪದ್ಯವೊಂದನ್ನೂ ಬರೆದಿದ್ದಾನೆ.

ಬೆಟ್ಟ ಮತ್ತು ಕಡಲಿನ ನಡುವೆ ಸಿಕ್ಕ ಕಿರಿದಾದ ಬಯಲು, ಅದರ ಮೇಲೆ ಕಿಕ್ಕಿರಿದ ಜನ. ಇಲ್ಲಿಯ ರೈತರು ಗದ್ದೆಯನ್ನು ಕಸೂತಿ ಹಾಕುವಂತೆ ಉಳುತ್ತಾರೆ ಎಂಬ ಮಾತು ಚೀನಾದಲ್ಲಿ ಪ್ರಚಲಿತವಿದೆ. ಅಕ್ಕಿ ಎಷ್ಟು ಅಮೂಲ್ಯವಾಗಿತ್ತು ಎಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ಚಹಾದ ಎಲೆಗೆ ಅವರು ‘ಚಹಾ ಅಕ್ಕಿ’ ಎನ್ನುತ್ತಾರೆ. ಬಿದಿರಿನ ಬುಟ್ಟಿಯಲ್ಲಿ ಜೋಡಿಸಿ ಉಪ್ಪುನೀರಿನಲ್ಲಿ ಬೇಯಿಸಿ ಆರಿಸಿದ ಮೀನಿಗೆ ‘ಮೀನನ್ನ’ ಎಂದು ಹೆಸರು. ಅನ್ನವಿಲ್ಲದ ಬೆಸ್ತರು ಮೀನನ್ನೇ ಅನ್ನದಂತೆ ಉಣ್ಣುತ್ತಿದ್ದುದರಿಂದ ಆ ಹೆಸರು ಬಂದಿತು. ಗೆಣಸಿನ ಹಿಟ್ಟಿನಿಂದ ಮಾಡಿದ, ಒಳಗಿನ ಸೊಪ್ಪು ಹೊರಗೆ ಕಾಣುವಷ್ಟು ತೆಳುವಾದ ಕಡುಬೊಂದಿದೆ. ಅದರ ಹೆಸರು ‘ಅಕ್ಕಿಯಿಲ್ಲದ ಕಡುಬು’. ಇಲ್ಲದುದನ್ನು ಹೆಸರಿನಲ್ಲಾದರೂ ಇಟ್ಟುಕೊಳ್ಳುವ ಜನ.

ನಿತ್ಯದ ಊಟ ತೆಳುವಾದ ಗಂಜಿ. ಅದಕ್ಕೆ ಉಪ್ಪುಮೂಲಂಗಿ, ಉಪ್ಪಿನಲ್ಲಿ ಹುದುಗಿಸಿದ ಸಾಸಿವೆ ಸೊಪ್ಪು ಮತ್ತು ಮೀನಿನಿಂದ ಇಳಿಸಿದ ಉಪ್ಪುರಸ. ಈ ಮೂರನ್ನೂ ಅಲ್ಲಿಯವರು ತಮ್ಮ ನಾಡಿನ ‘ಮೂರು ರತ್ನಗಳು’ ಎಂದು ಕರೆಯುತ್ತಾರೆ. ಕುಚ್ಚಲಕ್ಕಿ ಗಂಜಿಯನ್ನು ಉಪ್ಪಿನಕಾಯಿಯೊಂದಿಗೆ ಉಂಡು ಬೆಳೆದ ಕರಾವಳಿ ಕನ್ನಡಿಗರಿಗೆ ಈ ಊಟದ ಕ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ. ದಿನವೂ ನೀರು ಹೆಚ್ಚಿಸಿದ ಗಂಜಿಯನ್ನು ಕುಡಿಯುವ ಮನೆಯಲ್ಲಿ, ಅಕ್ಕಿಯನ್ನು ನೆನೆಸಿ, ಅರೆದು, ಬಣ್ಣ ಕಟ್ಟಿ, ಅಚ್ಚಿನಲ್ಲಿ ಒತ್ತಿ ದೇವರಿಗೆ ಇಡುವುದೆಂದರೆ ಅದು ಸಣ್ಣ ವೆಚ್ಚವಲ್ಲ. ಕಡುಬಿಗೆ ಅಷ್ಟೊಂದು ಗೌರವ ಬಂದುದು ಆ ಕಾರಣದಿಂದಲೇ.

ಕ್ವೇ ಎಂಬ ಪದ

‘ಕ್ವೇ’ ಎಂದರೆ ಅಕ್ಕಿಹಿಟ್ಟಿನಿಂದ, ಕೆಲವೊಮ್ಮೆ ಇತರ ಪಿಷ್ಟದಿಂದ, ಮಾಡಿದ ಕಡುಬು, ಗಟ್ಟಿ, ಹಾಳೆ ಮುಂತಾದ ಎಲ್ಲವೂ. ಬರವಣಿಗೆಯಲ್ಲಿ ಈ ಅಕ್ಷರದ ಒಂದು ಪಾರ್ಶ್ವದಲ್ಲಿ ‘ಅಕ್ಕಿ’ಯ ಗುರುತೂ ಇನ್ನೊಂದರಲ್ಲಿ ‘ಹಣ್ಣಿ’ನ ಗುರುತೂ ಇವೆ. ಉತ್ತರ ಚೀನಾದಿಂದ ವಲಸೆ ಬಂದವರು ಅಲ್ಲಿ ಗೋಧಿಯ ಭಕ್ಷ್ಯಗಳನ್ನು ಎಡೆಯಿಡುತ್ತಿದ್ದರು, ಗೋಧಿ ಬೆಳೆಯದ ದಕ್ಷಿಣದಲ್ಲಿ ಅಕ್ಕಿಯನ್ನು ಬಳಸತೊಡಗಿದರು ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಮಲಯ ಭಾಷೆಯ ‘ಕುಇಹ್’, ಇಂಡೋನೇಷ್ಯಾದ ‘ಕುಎ’ ಎಂಬ ಪದಗಳು ದಕ್ಷಿಣ ಮಿನ್ ಭಾಷೆಗಳ ಈ ಪದದಿಂದಲೇ ಬಂದವು. ಇಂಡೋನೇಷ್ಯಾದಲ್ಲಿ ಇಂದು ಹುಟ್ಟುಹಬ್ಬದ ಕೇಕಿಗೂ ಇದೇ ಹೆಸರು.

ಕ್ವೇಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಕೆಂಪು ಪೀಚ್ ಕಡುಬು. ಪೀಚ್ ಹಣ್ಣು ಚೀನೀಯರಲ್ಲಿ ದೀರ್ಘಾಯುಷ್ಯದ ಸಂಕೇತ. ಬಿಸಿನೀರು ಹಾಕಿ ನಾದಿದ ಅಕ್ಕಿಹಿಟ್ಟಿಗೆ ನಸುಗೆಂಪು ಬಣ್ಣ ಬೆರೆಸಿ, ಅಂಗೈಯಲ್ಲಿ ಬಟ್ಟಲಿನಂತೆ ತಟ್ಟಿ, ಅಂಟಕ್ಕಿಯ ಅನ್ನ, ಹುರಿದ ಕಡಲೆಕಾಯಿ, ಒಣ ಸೀಗಡಿ, ಅಣಬೆ, ಬೆಳ್ಳುಳ್ಳಿಗಳ ಹೂರಣ ತುಂಬುತ್ತಾರೆ. ಅದನ್ನು ‘ದೀರ್ಘಾಯು’ ಎಂಬ ಅಕ್ಷರ ಕೆತ್ತಿದ ಮರದ ಅಚ್ಚಿನಲ್ಲಿ ಒತ್ತಿ, ಅಚ್ಚನ್ನು ಮಗುಚಿ ಕುಟ್ಟಿ ಬಿಡಿಸಿ, ಹಬೆಯಲ್ಲಿಡುತ್ತಾರೆ. ಹಿಟ್ಟು ದಪ್ಪವಾದರೆ ರುಚಿ ಕೆಡುತ್ತದೆ, ತೆಳುವಾದರೆ ಹಬೆಯಲ್ಲಿ ಒಡೆಯುತ್ತದೆ. ಒಡೆದದ್ದನ್ನು ಎಡೆಗೆ ಇಡುವಂತಿಲ್ಲ. ಆದುದರಿಂದ ಮನೆಯ ಹೆಂಗಸರ ಕೈಗಾರಿಕೆಯನ್ನು ನೆರೆಹೊರೆಯವರು ಅಳೆಯುತ್ತಿದ್ದುದು ಕಡುಬಿನ ಅಂಚಿನಿಂದ. ಅಚ್ಚುಗಳು ಅತ್ತೆಯಿಂದ ಸೊಸೆಗೆ ಸಲ್ಲುವ ಆಸ್ತಿಯಾಗಿದ್ದವು.

ಎಡೆಯಿಟ್ಟ ಕಡುಬು ಆರಿ ಗಟ್ಟಿಯಾಗುತ್ತದೆ. ಮರುದಿನ ಅದನ್ನು ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಬೇಯಿಸಿ ತಿನ್ನುತ್ತಾರೆ. ಬೀದಿಯಲ್ಲಿ ಕಾವಲಿಯ ಮೇಲೆ ಚುರುಗುಟ್ಟುವ ಕ್ವೇಗಳ ಮೂಲ ಇಲ್ಲಿದೆ ಎನ್ನಬಹುದು. ಹಬ್ಬದ ಮರುದಿನದ ತಂಗಳು ತಿಂಡಿಯೇ ವ್ಯಾಪಾರಿಯ ಕೈಯಲ್ಲಿ ದಿನನಿತ್ಯದ ಬಿಸಿ ತಿಂಡಿಯಾಯಿತು.

ತಿಂಗಳಿಗೊಂದು ಕಡುಬು

ಋತುವಿಗೆ ತಕ್ಕ ಕಡುಬನ್ನು ಆಯಾ ಋತುವಿನಲ್ಲೇ ಮಾಡಬೇಕೆಂಬುದು ತಿಯೋಚ್ಯೂ ಜನರ ಹಳೆಯ ನಿಯಮ. ಚಾಂದ್ರಮಾನ ವರ್ಷದ ಆರಂಭದ ಹಬ್ಬಕ್ಕೆ ಕನಿಷ್ಠ ಮೂರು ಬಗೆ ಬೇಕು: ಸಿಹಿ ಕಡುಬು, ಹುದುಗು ಕಡುಬು ಮತ್ತು ಮೂಲಂಗಿ ಕಡುಬು. ಹುದುಗು ಕಡುಬು ಹಬೆಯಲ್ಲಿ ಉಬ್ಬಿ ನೆತ್ತಿಯಲ್ಲಿ ಬಿರಿಯಬೇಕು. ಹಾಗೆ ಬಿರಿದರೆ ‘ಕಡುಬು ನಕ್ಕಿತು’ ಎನ್ನುತ್ತಾರೆ. ನಗದ ಕಡುಬು ಮುಂದಿನ ವರ್ಷಕ್ಕೆ ಅಪಶಕುನ. ಅದು ಬೇಯುತ್ತಿರುವಾಗ ಅಡುಗೆಮನೆಯಲ್ಲಿ ಮಕ್ಕಳು ಕೆಟ್ಟ ಮಾತಾಡದಂತೆ ಹಿರಿಯರು ಗದರಿಸುತ್ತಿದ್ದರು. ಹುದುಗಿನ ಹದ, ಬೆಂಕಿಯ ಹದ ತಪ್ಪಿದ್ದಕ್ಕೆ ಮಗುವಿನ ಬಾಯಿಯನ್ನು ದೂರುವುದು ಸುಲಭವಲ್ಲವೇ?

ಇವುಗಳೊಂದಿಗೆ ಕಪ್ಪು ಹಸಿರು ಬಣ್ಣದ ಇನ್ನೊಂದು ಕಡುಬೂ ಇದೆ. ಹೊಲದ ಬದಿಯಲ್ಲಿ ಬೆಳೆಯುವ, ಎಲೆಯ ಮೇಲೆ ಇಲಿಯ ಕಿವಿಯಂತೆ ನವಿರು ರೋಮವಿರುವ ಗಿಡವೊಂದನ್ನು ಒಣಗಿಸಿ, ಬೇಯಿಸಿ, ಕುಟ್ಟಿ, ಅಂಟಕ್ಕಿ ಹಿಟ್ಟಿನೊಂದಿಗೆ ನಾದಿ ಇದನ್ನು ಮಾಡುತ್ತಾರೆ. ಸಿಹಿ ಬೇಳೆಯ ಹೂರಣ ತುಂಬಿದ ಇದರ ವಾಸನೆ ಮೊದಲ ಸಲ ತಿನ್ನುವವರಿಗೆ ಒಣಹುಲ್ಲಿನ ನೆನಪು ತರುತ್ತದೆ. ಬೀದಿ ಅಂಗಡಿಗಳಿಗೆ ಇದು ಬಂದಿದ್ದರೂ ನೋಡಲು ಚೆಂದವಿಲ್ಲದ ಕಾರಣದಿಂದಲೋ ಏನೋ ಪ್ರವಾಸಿಗರು ಕೆಂಪು ಕಡುಬನ್ನು ಕೊಂಡಷ್ಟು ಇದನ್ನು ಕೊಳ್ಳುವುದಿಲ್ಲ. ವಾಸ್ತವದಲ್ಲಿ ರುಚಿಯಲ್ಲಿ ಮೇಲಾದುದು ಇದೇ.

ವರ್ಷದ ಏಳನೆಯ ದಿನ ಏಳು ಬಗೆಯ ಸೊಪ್ಪುಗಳ ಸಾರು. ಇಲ್ಲಿ ಎಲ್ಲವೂ ಪದದ ಆಟ. ಸೆಲರಿ ಸೊಪ್ಪಿನ ಹೆಸರು ‘ಶ್ರಮ’ ಎಂಬ ಪದದಂತೆ ಕೇಳುತ್ತದೆ, ಬೆಳ್ಳುಳ್ಳಿ ಸೊಪ್ಪು ‘ಲೆಕ್ಕ’ದಂತೆ, ಈರುಳ್ಳಿ ಸೊಪ್ಪು ‘ಜಾಣತನ’ದಂತೆ. ಇವನ್ನು ತಿಂದ ಮಕ್ಕಳು ಓದಿನಲ್ಲೂ ವ್ಯಾಪಾರದಲ್ಲೂ ಮುಂದೆ ಬರುತ್ತಾರೆಂಬ ನಂಬಿಕೆ. ಅದೇ ಮೊದಲ ತಿಂಗಳಲ್ಲಿ ಊರ ದೇವರುಗಳ ಮೆರವಣಿಗೆ ನಡೆಯುತ್ತದೆ. ಪ್ರತಿ ಹಳ್ಳಿಗೂ ಅದರದೇ ದಿನ. ಕ್ವೇಗಳ ರಾಶಿಯ ಪಕ್ಕದಲ್ಲಿ ಮಸಾಲೆಯಲ್ಲಿ ಬೆಂದ ಇಡೀ ಹೆಬ್ಬಾತುಗಳು ಸಾಲಾಗಿ ಕೂತಿರುತ್ತವೆ. ಈ ಸೀಮೆಯ ‘ಸಿಂಹದ ತಲೆ’ ಎಂಬ ತಳಿಯ ಗಂಡು ಹೆಬ್ಬಾತು 10 ಕಿಲೋಗ್ರಾಂ ಮೀರಿ ತೂಗುವುದೂ ಉಂಟು.

ಏಪ್ರಿಲ್ ಆರಂಭದಲ್ಲಿ ಪಿತೃಗಳ ಸಮಾಧಿ ಗುಡಿಸುವ ಚಿಂಗ್‌ಮಿಂಗ್ ದಿನಕ್ಕೆ ಎಲೆಯ ಕಡುಬು. ಚೀನೀ ಹ್ಯಾಕ್‌ಬೆರಿ ಎಂಬ ಮರದ ಚಿಗುರೆಲೆಯನ್ನು ಅಕ್ಕಿಯೊಂದಿಗೆ ಕುಟ್ಟಿ, ಸಕ್ಕರೆ ಹಾಕಿ, ಸ್ವಲ್ಪ ಹುದುಗಿಸಿ, ಹೂವಿನಾಕಾರದ ಸಣ್ಣ ಬಟ್ಟಲುಗಳಲ್ಲಿ ಬೇಯಿಸುತ್ತಾರೆ. ಮಂಗೋಲರ ದಾಳಿಯ ಕಾಲದಲ್ಲಿ ಬೆಟ್ಟಕ್ಕೆ ಓಡಿಹೋದ ಜನ ಈ ಮರದ ಎಲೆ ತಿಂದು ಬದುಕಿದರೆಂದೂ, ಅದರ ನೆನಪಿಗೆ ಈ ಕಡುಬೆಂದೂ ಕಥೆ ಇದೆ. ಐದನೆಯ ತಿಂಗಳ ದೋಣಿ ಹಬ್ಬಕ್ಕೆ ಗಾರ್ಡೀನಿಯಾ ಕಾಯಿಯ ಹಳದಿ ಬಣ್ಣ ಮತ್ತು ಬೂದಿಯ ತಿಳಿನೀರು ಹಾಕಿ ಬೇಯಿಸಿದ ಅಂಟಕ್ಕಿ ಕಡುಬು. ಅದು ಚಾಕುವಿಗೆ ಅಂಟುವುದರಿಂದ ದಾರದಿಂದ ಕತ್ತರಿಸಿ, ಸಕ್ಕರೆಯಲ್ಲಿ ಅದ್ದಿ ತಿನ್ನಬೇಕು.

ಏಳನೆಯ ತಿಂಗಳ ಏಳನೆಯ ದಿನ ಹದಿನೈದು ತುಂಬಿದ ಮಕ್ಕಳಿಗೆ ‘ಉದ್ಯಾನದಿಂದ ಹೊರಬರುವ’ ಸಂಸ್ಕಾರ. ಅಲ್ಲಿಯವರೆಗೆ ಮಗು ಹೂದೋಟದಲ್ಲಿ ಮಂಚದ ದೇವತೆಯ ರಕ್ಷಣೆಯಲ್ಲಿ ಇರುತ್ತದೆಂದು ಭಾವನೆ. ಅಂದು ಹನ್ನೆರಡು ಬಗೆ ಹೂವುಗಳ ನೀರಿನಲ್ಲಿ ಮೀಯಿಸಿ, ಕೆಂಪು ಮರದ ಪಾದುಕೆ ತೊಡಿಸಿ, ಹುಂಜದ ತಲೆಯನ್ನು ಕಚ್ಚಲು ಕೊಡುತ್ತಾರೆ. 1532ರಲ್ಲಿ ಚಕ್ರವರ್ತಿಯ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗನಾದ ಚಾವೊಝೌದ ಲಿನ್ ದಾಚಿನ್ ಬಾಲ್ಯದಲ್ಲಿ ಕೆಂಪು ಪಾದುಕೆ ತೊಟ್ಟು ಹುಂಜದ ತಲೆ ತಿಂದಿದ್ದನೆಂಬ ಕಥೆ ಇದಕ್ಕೆ ಅಂಟಿಕೊಂಡಿದೆ. ಪೂಜೆಯ ಮೇಜಿನಲ್ಲಿ ಕೆಂಪು ಪೀಚ್ ಕಡುಬು ಇರಲೇಬೇಕು. ಅದೇ ತಿಂಗಳು ಅನಾಥ ಪ್ರೇತಗಳಿಗೂ ಅನ್ನ ಸಲ್ಲುತ್ತದೆ.

ಎಂಟನೆಯ ತಿಂಗಳ ಹುಣ್ಣಿಮೆಗೆ ಪದರ ಪದರವಾಗಿ ಉದುರುವ, ಹಂದಿಯ ಕೊಬ್ಬಿನಿಂದ ಮಾಡಿದ ರೊಟ್ಟಿಯಂತಹ ಸಿಹಿ ಮತ್ತು ಬೇಯಿಸಿದ ಕೆಸುವಿನ ಗಡ್ಡೆ. ಚಳಿಗಾಲದ ಅಯನ ಸಂಕ್ರಮಣಕ್ಕೆ, ಅಂದರೆ ಡಿಸೆಂಬರ್ 21 ಅಥವಾ 22ಕ್ಕೆ, ಕೆಂಪು ಬಿಳಿ ಅಂಟಕ್ಕಿ ಉಂಡೆಗಳ ಪಾಯಸ. ಕೆಲವು ಉಂಡೆಗಳನ್ನು ಬಾಗಿಲ ಚೌಕಟ್ಟಿಗೂ ಹಣ್ಣಿನ ಮರಗಳಿಗೂ ದುಡಿಯುವ ಎತ್ತು ಕೋಣಗಳ ಕೊಂಬಿಗೂ ಅಂಟಿಸುವ ಪದ್ಧತಿ ಇತ್ತು. ಈಗ ಬಾಗಿಲು ಮಾತ್ರ ಉಳಿದಿದೆ.

ಈ ಕಥೆಗಳನ್ನು ಇತಿಹಾಸವೆಂದು ಸ್ವೀಕರಿಸುವಾಗ ಎಚ್ಚರ ಬೇಕು. 13ನೇ ಶತಮಾನದ ಕೊನೆಯಲ್ಲಿ ಮಂಗೋಲರಿಂದ ತಪ್ಪಿಸಿಕೊಂಡು ಬಂದ ಸಾಂಗ್ ವಂಶದ ಕೊನೆಯ ಬಾಲಚಕ್ರವರ್ತಿಗೆ ಈ ಸೀಮೆಯ ಸನ್ಯಾಸಿಗಳು ಗೆಣಸಿನ ಸೊಪ್ಪಿನ ಸಾರು ಬಡಿಸಿದರು, ಆತ ಅದಕ್ಕೆ ‘ದೇಶ ಕಾಯುವ ಸೊಪ್ಪು’ ಎಂದು ಹೆಸರಿಟ್ಟ ಎಂದು ಇಂದಿಗೂ ಹೋಟೆಲುಗಳಲ್ಲಿ ಹೇಳುತ್ತಾರೆ. ಗೆಣಸು ಅಮೆರಿಕ ಖಂಡದ ಬೆಳೆ. ಅದು ಚೀನಾಕ್ಕೆ ಬಂದುದು 16ನೇ ಶತಮಾನದ ಉತ್ತರಾರ್ಧದಲ್ಲಿ, ಅಂದರೆ ಬಾಲಚಕ್ರವರ್ತಿ ಸತ್ತು ಸುಮಾರು ಮುನ್ನೂರು ವರ್ಷಗಳ ನಂತರ. ಕಥೆ ಸುಳ್ಳಾದರೂ ಅದರ ಹಿಂದಿನ ಭಾವ ಸುಳ್ಳಲ್ಲ. ಸೋತು ಓಡಿಬಂದವರ ನೆನಪನ್ನು ಈ ಜನ ಸೊಪ್ಪಿನಲ್ಲಿ, ಎಲೆಯಲ್ಲಿ ಇಟ್ಟುಕೊಂಡರು.

ಹಡಗಿನ ಬುತ್ತಿ

ಸಿಹಿ ಕಡುಬಿನ ಕಥೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಅಂಟಕ್ಕಿ ಹಿಟ್ಟು ಮತ್ತು ಸಕ್ಕರೆ, ಇವೆರಡೇ ಅದರ ಸಾಮಗ್ರಿ. ದೊಡ್ಡ ಕಡುಬಾದರೆ ಹತ್ತಿಪ್ಪತ್ತು ಜನರ ಮನೆಗೆ ಸಾಕಾಗುವಷ್ಟು ಗಾತ್ರದ್ದು, ಹಲವು ಗಂಟೆಗಳ ಕಾಲ ಹಬೆಯಲ್ಲಿ ಬೇಯಬೇಕು. ಸಕ್ಕರೆ ಹೆಚ್ಚು, ತೇವ ಕಡಿಮೆ. ಆದುದರಿಂದ ಬಹುಕಾಲ ಕೆಡುವುದಿಲ್ಲ. ಕಲ್ಲಿನಂತೆ ಗಟ್ಟಿಯಾದರೂ ಕತ್ತರಿಸಿ ಬಿಸಿಮಾಡಿದರೆ ಮತ್ತೆ ಮೆದುವಾಗುತ್ತದೆ.

ಇದೇ ಗುಣ ಅದನ್ನು ವಲಸೆಗಾರರ ಬುತ್ತಿಯಾಗಿಸಿತು. ಚೆಂಗ್‌ಹಾಯ್ ಪ್ರದೇಶದ ಝಾಂಗ್‌ಲಿನ್ ಬಂದರಿನಿಂದ ‘ಕೆಂಪು ತಲೆಯ ಹಡಗು’ಗಳು ಹೊರಡುತ್ತಿದ್ದವು. ಯಾವ ಹಡಗು ಯಾವ ಪ್ರಾಂತದ್ದೆಂದು ಗುರುತಿಸಲು ಗುವಾಂಗ್‌ಡಾಂಗ್‌ನ ಹಡಗುಗಳ ಮೂತಿಗೆ ಕೆಂಪು ಬಳಿಯಬೇಕೆಂದು 1723ರಲ್ಲಿ ಆಜ್ಞೆಯಾಗಿತ್ತು. ಬರ, ಬಡತನ, ಜಮೀನಿನ ಕೊರತೆಗಳಿಂದ ಕಂಗೆಟ್ಟ ಗಂಡಸರು ಸಿಯಾಮ್, ಮಲಯ, ಇಂಡೋಚೀನಾಗಳ ಕಡೆಗೆ ಈ ಹಡಗುಗಳಲ್ಲಿ ಹೊರಟರು. 1860ರಲ್ಲಿ ಶಾಂತೌ ವಿದೇಶೀ ವ್ಯಾಪಾರಕ್ಕೆ ತೆರೆದ ಮೇಲೆ ಹೊಗೆಹಡಗುಗಳು ಬಂದವು, ಹೊರಟವರ ಸಂಖ್ಯೆ ಇನ್ನೂ ಹೆಚ್ಚಿತು. ಬೇರೆ ದಾರಿ ಕಾಣದಾಗ ಸಿಹಿ ಕಡುಬು ಬೇಯಿಸುವುದು ಎಂಬ ಗಾದೆ ತಿಯೋಚ್ಯೂ ಭಾಷೆಯಲ್ಲಿದೆ. ಕೇಳಿದವರಿಗೆ ಹಬ್ಬದ ಮಾತೆಂದು ತೋರಬಹುದು. ಅದರ ಅರ್ಥ ಊರು ಬಿಡುವುದು. ಹಬ್ಬವಲ್ಲದ ದಿನ ಒಂದು ಮನೆಯಿಂದ ಸಿಹಿ ಕಡುಬು ಬೇಯುವ ವಾಸನೆ ಬಂದರೆ ಆ ಮನೆಯ ಮಗನೋ ಗಂಡನೋ ಹಡಗು ಹತ್ತುತ್ತಾನೆಂದು ಬೀದಿಗೇ ತಿಳಿಯುತ್ತಿತ್ತು.

ಹೋದವರು ಹಣವನ್ನೂ ಪತ್ರವನ್ನೂ ಒಂದೇ ಲಕೋಟೆಯ ಲೆಕ್ಕದಲ್ಲಿ ಕಳುಹಿಸುತ್ತಿದ್ದರು. ‘ಚಿಯಾವ್‌ಪಿ’ ಎಂಬ ಈ ಪತ್ರಗಳ ಸಂಗ್ರಹವನ್ನು ಯುನೆಸ್ಕೋ 2013ರಲ್ಲಿ ವಿಶ್ವ ಸ್ಮೃತಿ ದಾಖಲೆಗಳ ಪಟ್ಟಿಗೆ ಸೇರಿಸಿತು. ಊರಿನಲ್ಲಿ ಉಳಿದ ಹೆಂಗಸರು ಹಬ್ಬದ ಅಕ್ಕಿ ಕೊಂಡುದು ಬಹುಮಟ್ಟಿಗೆ ಈ ಹಣದಿಂದ.

ಹೋದಲ್ಲೆಲ್ಲ ಅವರ ಅಡುಗೆಯ ಪದಗಳೂ ನೆಲೆಯೂರಿದವು. ಥಾಯ್ಲೆಂಡಿನ ಚೀನೀ ಮೂಲದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಿಯೋಚ್ಯೂಗಳು. 1767ರಿಂದ 1782ರವರೆಗೆ ಸಿಯಾಮನ್ನು ಆಳಿದ ದೊರೆ ತಾಕ್ಸಿನ್‌ನ ತಂದೆಯೂ ತಿಯೋಚ್ಯೂ. ಅಕ್ಕಿಯ ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿದ ‘ಕ್ವೇ ತಿಯಾವ್’ ಥಾಯ್ ಭಾಷೆಯಲ್ಲಿ ‘ಕುಯ್ ತಿಯಾವ್’ ಆಗಿ ನೂಡಲ್ಸಿಗೇ ಸಾಮಾನ್ಯ ಹೆಸರಾಯಿತು. ಕಾಂಬೋಡಿಯಾದಲ್ಲಿ ಅದು ‘ಕುಯ್ ತಿಯವ್’, ವಿಯೆಟ್ನಾಮಿನ ದಕ್ಷಿಣದಲ್ಲಿ ‘ಹು ತಿಯು’.

ಬೀದಿಯ ರುಚಿ

ಸಿಂಗಪುರದಲ್ಲಿ ಹೊಕ್ಕಿಯೆನ್ ಜನರ ನಂತರ ಚೀನೀಯರಲ್ಲಿ ಎರಡನೆಯ ದೊಡ್ಡ ಸಮುದಾಯ ತಿಯೋಚ್ಯೂಗಳದು. ಅವರ ಪ್ರಮುಖ ಸಂಸ್ಥೆ ನೀ ಆನ್ ಕೊಂಗ್ಸಿ 1845ರಲ್ಲಿ ಸ್ಥಾಪನೆಯಾಯಿತು. ಅಡ್ಡೆಯ ಎರಡು ತುದಿಗೆ ಬುಟ್ಟಿ ತೂಗುಹಾಕಿಕೊಂಡು ಕ್ವೇ ಮಾರುತ್ತಿದ್ದವರನ್ನು 1970 ಮತ್ತು 80ರ ದಶಕಗಳಲ್ಲಿ ಸರಕಾರ ನೀರು, ಚರಂಡಿ ವ್ಯವಸ್ಥೆಯಿರುವ ಕೇಂದ್ರಗಳಿಗೆ ಸ್ಥಳಾಂತರಿಸಿತು. ಅಲ್ಲಿ ಇಂದಿಗೂ ಬೆಳಗಾದರೆ ಸಾಲು ನಿಲ್ಲುವುದು ‘ಚ್ವೀ ಕ್ವೇ’ ಎಂಬ ‘ನೀರ ಕಡುಬಿ’ಗೆ. ಅಕ್ಕಿಹಿಟ್ಟಿನ ತೆಳು ಸಂಪಣವನ್ನು ಇಡ್ಲಿಯ ಗುಳಿಗಿಂತ ಚಿಕ್ಕ ಬಟ್ಟಲುಗಳಲ್ಲಿ ಬೇಯಿಸಿದಾಗ ನಡುವೆ ತಗ್ಗು ಬೀಳುತ್ತದೆ. ಆ ತಗ್ಗಿನಲ್ಲಿ ಎಣ್ಣೆಯಲ್ಲಿ ಹುರಿದ ಉಪ್ಪುಮೂಲಂಗಿ ಹಾಕಿಕೊಡುತ್ತಾರೆ. ಕಡುಬಿಗೆ ಸ್ವಂತ ರುಚಿ ಎಂಬುದೇ ಇಲ್ಲ. ಉಪ್ಪುಮೂಲಂಗಿಯ ಅಬ್ಬರಕ್ಕೆ ಅದು ಮೌನವಾಗಿ ಜಾಗ ಕೊಡುತ್ತದೆ. ಇಡ್ಲಿ ಚಟ್ನಿಯ ಸಂಬಂಧವೂ ಬೇರೆ ಬಗೆಯದಲ್ಲ.

ಎಲ್ಲ ಬೀದಿ ತಿಂಡಿಗಳೂ ಎಡೆಯಿಂದ ಬಂದವೆಂದಲ್ಲ. ಸಣ್ಣ ಸಿಂಪಿಗಳನ್ನು ಗೆಣಸಿನ ಹಿಟ್ಟು ಮತ್ತು ಮೊಟ್ಟೆಯೊಂದಿಗೆ ಹಂದಿ ಕೊಬ್ಬಿನಲ್ಲಿ ಕರಿದು ಮೀನಿನ ಉಪ್ಪುರಸದೊಡನೆ ಕೊಡುವ ‘ಓ ಲುವಾ’ ಕಡಲ ಬದಿಯ ತಿಂಡಿ. ದನದ ಮಾಂಸವನ್ನು ಎರಡು ಕಬ್ಬಿಣದ ದಂಡಗಳಿಂದ ಅಂಟುವವರೆಗೆ ಕುಟ್ಟಿ ಮಾಡಿದ ಉಂಡೆಗಳು ನೆರೆಯ ಹಕ್ಕಾ ಜನರಿಂದ ಬಂದವು. 1996ರ ಹಾಂಕಾಂಗ್ ಚಲನಚಿತ್ರ ‘ದಿ ಗಾಡ್ ಆಫ್ ಕುಕರಿ’ ಅಂತಹ ಉಂಡೆಗಳಿಗೆ ಹೊಸ ಪ್ರಚಾರ ಕೊಟ್ಟಿತು.

ಸಿಹಿಯ ವಿಷಯದಲ್ಲಿ ಈ ಸೀಮೆ ಶ್ರೀಮಂತ. ಕಬ್ಬು ಇಲ್ಲಿಯ ಹಳೆಯ ವಾಣಿಜ್ಯ ಬೆಳೆ. ಸಕ್ಕರೆ ಪಾಕವನ್ನು ಎಳೆದೆಳೆದು ಬೆಳ್ಳಗಾಗಿಸಿ, ಒಳಗೆ ಈರುಳ್ಳಿ ದಂಟಿನಂತೆ ಟೊಳ್ಳು ಕೊಳವೆಗಳಿರುವಂತೆ ಮಾಡುವ ‘ಸಕ್ಕರೆ ಈರುಳ್ಳಿ’ಯನ್ನು 17ನೇ ಶತಮಾನದ ಲೇಖಕ ಚೂ ದಾಜುನ್ ಗುವಾಂಗ್‌ಡಾಂಗ್ ಕುರಿತ ತನ್ನ ಗ್ರಂಥದಲ್ಲಿ ಹೊಗಳಿದ್ದಾನೆ. ಈರುಳ್ಳಿಯ ಹೆಸರಿದ್ದರೂ ಅದರಲ್ಲಿ ಈರುಳ್ಳಿ ಇಲ್ಲ. ತೆಳು ದೋಸೆಯಂತಹ ಹಾಳೆಯಲ್ಲಿ ಸುತ್ತಿ ಬೀದಿಯಲ್ಲಿ ಮಾರುತ್ತಾರೆ. ಕೆಸುವಿನ ಗಡ್ಡೆಯ ತುಂಡುಗಳನ್ನು ಕರಿದು ಪಾಕಕ್ಕೆ ಹಾಕಿ, ಒಲೆಯಿಂದ ಇಳಿಸಿ ಗಾಳಿಗೆ ಆಡಿಸಿದರೆ ಪಾಕ ಹರಳುಗಟ್ಟಿ ಬಿಳಿಯ ಹಿಮದಂತೆ ಮೆತ್ತಿಕೊಳ್ಳುತ್ತದೆ. ಇದಕ್ಕೆ ‘ಮರಳಿಗೆ ಮರಳುವುದು’ ಎಂದು ಹೆಸರು. ಪಾಕ ಒಂದು ಕ್ಷಣ ಮೊದಲು ಇಳಿದರೆ ಅಂಟು, ಒಂದು ಕ್ಷಣ ತಡವಾದರೆ ಕಹಿ. ಚಾವೊಝೌ ನಗರದ ಇನ್ನೊಂದು ಸಿಹಿ ‘ಹೆಣ್ಣು ಬಾತು’ ಎಂಬ ಹೆಸರಿನ ಅಂಟಕ್ಕಿ ಉಂಡೆ. ಬೆಂದ ಉಂಡೆಗಳು ತಿಳಿ ಸಿಹಿ ಸಾರಿನ ಮೇಲೆ ಬಾತುಗಳಂತೆ ತೇಲುವುದರಿಂದ ಆ ಹೆಸರಂತೆ.

ಸಣ್ಣ ಸಿಹಿಗಳಿಗೆಲ್ಲ ಒಟ್ಟು ಹೆಸರು ‘ತೆ ಪುಎ’, ಅಂದರೆ ಚಹಾದ ಜೊತೆಗಾರ. ಫೀನಿಕ್ಸ್ ಬೆಟ್ಟದ ಚಹಾವನ್ನು ಚಿಕ್ಕ ಪಾತ್ರೆಯಲ್ಲಿ ಗಾಢವಾಗಿ ಬಸಿದು ಮೂರೇ ಕಪ್ಪುಗಳಲ್ಲಿ ಹಂಚಿಕೊಳ್ಳುವುದು ಇಲ್ಲಿಯ ರೀತಿ. ಚೀನಾದ ಚಹಾ ತಯಾರಿಕೆಯ ಸಂಪ್ರದಾಯಗಳನ್ನು ಯುನೆಸ್ಕೋ 2022ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಚಾವೊಝೌದ ಈ ಪದ್ಧತಿಯೂ ಇತ್ತು. ಕನ್ನಡಿಗರು ಒಂದೇ ಪೇಯಕ್ಕೆ ‘ಟೀ’ ಎಂದೂ ‘ಚಹಾ’ ಎಂದೂ ಎರಡು ಹೆಸರು ಬಳಸುತ್ತಾರಷ್ಟೆ. ಮೊದಲನೆಯದರ ಬೇರು ಇರುವುದು ದಕ್ಷಿಣ ಮಿನ್ ಭಾಷೆಗಳ ‘ತೆ’ ಎಂಬ ಪದದಲ್ಲಿ. ಎರಡನೆಯದು ಚೀನಾದ ಉಳಿದೆಡೆಯ ‘ಚಾ’.

ಯಾರು ಮಾಡುವವರು?

1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ದೇವರ ಮತ್ತು ಪೂರ್ವಜರ ಪೂಜೆಗೆ ಮೂಢನಂಬಿಕೆ ಎಂಬ ಹಣೆಪಟ್ಟಿ ಬಿತ್ತು. ಪೂಜೆಗೆ ಆತುಕೊಂಡಿದ್ದ ಕಡುಬುಗಳೂ ಮರೆಗೆ ಸರಿದವು. 1978ರ ನಂತರದ ಸುಧಾರಣೆಗಳ ಕಾಲದಲ್ಲಿ ಮೆರವಣಿಗೆಗಳು ಮರಳಿದವು, ಎಡೆಗಳೂ ಮರಳಿದವು. ಹೊರದೇಶಗಳಲ್ಲಿದ್ದ ಬಂಧುಗಳ ಹಣ ಅದಕ್ಕೆ ನೆರವಾಯಿತು. ರಾಜಕೀಯದ ಹೊಡೆತವನ್ನು ಹೀಗೆ ದಾಟಿದ ಪದ್ಧತಿಗೆ ಈಗ ಎದುರಾಗಿರುವುದು ಸಮಯದ ಅಭಾವ. ಅಕ್ಕಿ ನೆನೆಸಿ, ಅರೆದು, ಬಟ್ಟೆಯಲ್ಲಿ ಕಟ್ಟಿ ಕಲ್ಲಿನಡಿ ನೀರಿಳಿಸಿ, ಎರಡು ದಿನ ನಿಂತು ಮಾಡುವ ಕೆಲಸಕ್ಕೆ ಹಿಂದೆ ಮನೆಯಲ್ಲಿ ನಾಲ್ಕೈದು ಹೆಂಗಸರಿರುತ್ತಿದ್ದರು. ಶೆನ್‌ಝೆನ್‌ನಲ್ಲೋ ಗುವಾಂಗ್‌ಝೌನಲ್ಲೋ ದುಡಿದು ಹಬ್ಬಕ್ಕೆ ಮೂರು ದಿನ ಬರುವ ಸೊಸೆಯಿಂದ ಅದನ್ನು ನಿರೀಕ್ಷಿಸಲಾಗದು, ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಈ ಹೊರೆಯನ್ನು ಗಂಡಸರು ಎಂದೂ ಹೊತ್ತಿರಲಿಲ್ಲ ಎಂಬುದನ್ನು ಸಂಪ್ರದಾಯದ ಅಳಿವಿಗೆ ಮರುಗುವವರು ಮರೆಯುತ್ತಾರೆ.

ಆದುದರಿಂದ ಜನ ಕೊಳ್ಳುತ್ತಾರೆ. ಅಂಗಡಿಯವನು ಕೆಂಪು ಕಡುಬನ್ನು ವರ್ಷವಿಡೀ ಮಾಡುತ್ತಾನೆ, ಎಲೆಯ ಕಡುಬನ್ನೂ ತಿಂಗಳುಗಟ್ಟಲೆ ಮಾರುತ್ತಾನೆ. ದಿನವೂ ಸಿಗುವ ಹಬ್ಬದ ತಿನಿಸಿನಲ್ಲಿ ಹಬ್ಬ ಎಲ್ಲಿ ಉಳಿಯಿತು ಎಂಬುದು ಹಿರಿಯರ ಆಕ್ಷೇಪ. ಅದರಲ್ಲಿ ಅರ್ಧ ಸತ್ಯವಿದೆ. ಇನ್ನರ್ಧ ಸತ್ಯವೆಂದರೆ, ದಿನದ ಗಿರಾಕಿ ಇಲ್ಲದಿದ್ದರೆ ಅಂಗಡಿಯೇ ಇರುತ್ತಿರಲಿಲ್ಲ, ಹಬ್ಬದ ದಿನ ಕೊಳ್ಳಲು ಕಡುಬೂ ಇರುತ್ತಿರಲಿಲ್ಲ.

2013ರ ಕೊನೆಯಲ್ಲಿ ಕ್ಸಿಯಾಮೆನ್ ಮತ್ತು ಶೆನ್‌ಝೆನ್ ನಡುವಿನ ವೇಗದ ರೈಲು ಈ ಸೀಮೆಯ ಮೂಲಕ ಓಡಲಾರಂಭಿಸಿತು. 2019ರಲ್ಲಿ ನೆಟ್‌ಫ್ಲಿಕ್ಸ್ ಚಾವೊಶಾನ್ ಅಡುಗೆಯ ಸಾಕ್ಷ್ಯಚಿತ್ರ ಸರಣಿಯನ್ನು ಪ್ರಸಾರ ಮಾಡಿತು. 2023ರಲ್ಲಿ ಯುನೆಸ್ಕೋ ಚಾವೊಝೌವನ್ನು ಆಹಾರಕಲೆಯ ಸೃಜನಶೀಲ ನಗರವೆಂದು ಹೆಸರಿಸಿತು. ಪ್ರವಾಸಿಗರು ಬಂದರು, ಹಳೆಯ ಪೇಟೆಯ ಕಮಾನುಗಳ ಬೀದಿ ತುಂಬಿತು. ಆದರೆ ಅವರು ಹೆಚ್ಚಾಗಿ ಹುಡುಕುವುದು ಮಾಂಸವನ್ನೂ ಸಿಂಪಿಯನ್ನೂ. ಕಡುಬಿನ ನಿಜವಾದ ಗಿರಾಕಿ ಇಂದಿಗೂ ಮನೆಯಲ್ಲಿ ಎಡೆಯಿಡುವ ಊರಿನವರೇ.

ಸಿಂಗಪುರದ ಸ್ಥಿತಿ ಇನ್ನೂ ಸೂಕ್ಷ್ಮ. ಅಲ್ಲಿಯ ಆಹಾರ ಕೇಂದ್ರಗಳ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಆ ಹೊತ್ತಿಗೆ ವ್ಯಾಪಾರಿಗಳ ಸರಾಸರಿ ವಯಸ್ಸು ಅರುವತ್ತರ ಆಸುಪಾಸಿನಲ್ಲಿತ್ತು. 1979ರಲ್ಲಿ ಆರಂಭವಾದ ಮ್ಯಾಂಡರಿನ್ ಮಾತಾಡುವ ಅಭಿಯಾನದ ನಂತರ ಹುಟ್ಟಿದ ತಿಯೋಚ್ಯೂ ಮಕ್ಕಳಲ್ಲಿ ಬಹುತೇಕರಿಗೆ ಅಜ್ಜಿಯ ಭಾಷೆ ಬಾರದು. ಆ ಭಾಷೆಯಲ್ಲಿ ಅವರ ಬಾಯಲ್ಲಿ ಉಳಿದಿರುವ ಪದಗಳನ್ನು ಲೆಕ್ಕ ಹಾಕಿದರೆ ಅರ್ಧದಷ್ಟು ತಿಂಡಿಗಳ ಹೆಸರುಗಳೇ ಇದ್ದಾವು.

ಸಸ್ಯಾಹಾರಿಗಳಿಗೆ ಒಂದು ಮಾತು

ಈ ತಿಂಡಿಗಳನ್ನು ಸವಿಯಬಯಸುವ ಕನ್ನಡಿಗ ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಕೆಸುವಿನ ಸಿಹಿ ಪೇಸ್ಟಿನಲ್ಲೂ ಹುಣ್ಣಿಮೆಯ ರೊಟ್ಟಿಯಲ್ಲೂ ಹಂದಿಯ ಕೊಬ್ಬು, ಸೊಪ್ಪಿನ ಕಡುಬಿನಲ್ಲೂ ಒಣ ಸೀಗಡಿ, ಎಲ್ಲದರಲ್ಲೂ ಮೀನಿನ ರಸ ಇರುವ ಸಾಧ್ಯತೆ ಇದೆ. ಅಂಥವರಿಗೆ ತಕ್ಕ ಕಾಲವೆಂದರೆ ಚಾಂದ್ರಮಾನದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನಗಳು, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್. ಆಗ ಬ್ಯಾಂಕಾಕಿನ ಯಾವರಾತ್ ಬೀದಿಯಲ್ಲಿ ‘ಜೆ’ ಎಂಬ ವ್ರತದ ಆಹಾರ ಮಾರುತ್ತಾರೆ. ಉಪವಾಸವ್ರತ ಎಂಬರ್ಥದ ಚೀನೀ ಪದ ವಲಸೆಗಾರರ ಬಾಯಿಂದ ಥಾಯ್ ಭಾಷೆಗೆ ದಾಟಿದ ರೂಪ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಆ ಪದ ಬರೆದಿರುವ ಗಾಡಿಯಲ್ಲಿ ಬೇಕಾದುದನ್ನು ಕೊಳ್ಳಬಹುದು. ಹತ್ತನೆಯ ದಿನ ಬಾವುಟ ಇಳಿಯುತ್ತದೆ, ಅದೇ ಗಾಡಿಯ ಕಡುಬಿನೊಳಕ್ಕೆ ಸೀಗಡಿ ಮರಳುತ್ತದೆ.